ಇನ್‌ಚಾರ್ಜ್ ಹೆಡ್‌ಮೇಡಂ ಆಗುತ್ತಿದ್ದೇನೆ, ಮೊದಲು ಏನು ನೋಡಿಕೊಳ್ಳಬೇಕು?

ಪ್ರಶ್ನೆ: ಎಲ್ಲರಿಗೂ ನಮಸ್ಕಾರ. ನಮ್ಮದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, 1ರಿಂದ 7. ನಾಲ್ವರು ಶಿಕ್ಷಕರು, 96 ಮಕ್ಕಳು. ಈ ತಿಂಗಳ ಕೊನೆಗೆ ಹೆಡ್‌ಮಾಸ್ಟರ್ ನಿವೃತ್ತಿ. ಉಳಿದವರಲ್ಲಿ ಸೀನಿಯರ್ ನಾನೇ. ಇಷ್ಟು ವರ್ಷ ನಲಿ-ಕಲಿ (1ರಿಂದ 3ನೇ ತರಗತಿಯ ಚಟುವಟಿಕೆ ಪಾಠ) ಬಿಟ್ಟು ಬೇರೆ ಕಡೆ ತಲೆ ಹಾಕಿದವಳಲ್ಲ. ಲೆಕ್ಕಪತ್ರ ಅಂದರೆ ಭಯ. ಅನುಭವ ಇದ್ದವರು ದಯವಿಟ್ಟು ಹೇಳಿ.

ಉತ್ತರ 1: ಮೇಡಂ, ನಾನು ಆರು ವರ್ಷ ಇನ್‌ಚಾರ್ಜ್ ಇದ್ದೆ. ಚಾರ್ಜ್ ಪಟ್ಟಿಗೆ, ಅಂದರೆ ಶಾಲೆಯ ಸಾಮಾನು, ದಾಖಲೆ, ಹಣ ವಹಿಸಿಕೊಳ್ಳುವ ಪಟ್ಟಿಗೆ, ಅವಸರದಲ್ಲಿ ಸಹಿ ಹಾಕಬೇಡಿ. ನಾನು ಬೀಳ್ಕೊಡುಗೆ ದಿನವೇ ಹಾಕಿಬಿಟ್ಟೆ. ಹಾರ ಹಾಕಿಕೊಂಡು ಕೂತಿದ್ದ ಹಿರಿಯರ ಮುಂದೆ ಅಕ್ಕಿ ತೂಗಿಸೋಣ ಅನ್ನಲು ಬಾಯಿ ಬರಲಿಲ್ಲ. ವಾರದ ಮೇಲೆ ತೂಗಿಸಿದರೆ ಪುಸ್ತಕದಲ್ಲಿದ್ದದ್ದಕ್ಕಿಂತ 60 ಕೆಜಿ ಕಮ್ಮಿ. ಸಹಿ ನನ್ನದು, ಜವಾಬ್ದಾರಿಯೂ ನನ್ನದೇ. ಎರಡು ರಾತ್ರಿ ನಿದ್ದೆ ಇಲ್ಲ.

ಕಾರಣ ಆಮೇಲೆ ಸಿಕ್ಕಿತು. ಬಿಸಿಯೂಟಕ್ಕೆ 1ರಿಂದ 5ನೇ ತರಗತಿಗೆ ತಲೆಗೆ 100 ಗ್ರಾಂ, ಅದರ ಮೇಲಿನವರಿಗೆ 150 ಗ್ರಾಂ ಲೆಕ್ಕ ಅಲ್ವಾ. ನಮ್ಮ ಅಡುಗೆಯಮ್ಮ ಅದನ್ನು ಒಂದು ಹಳೆಯ ತಗಡಿನ ಡಬ್ಬದಲ್ಲಿ ಅಳೆಯುತ್ತಿದ್ದರು. ಡಬ್ಬ ತುಂಬಿದರೆ ಒಂದು ಕೆಜಿ ಅಂತ ಎಲ್ಲರೂ ನಂಬಿದ್ದೆವು. ತಕ್ಕಡಿಗೆ ಇಟ್ಟಾಗ 1 ಕೆಜಿ 150 ಗ್ರಾಂ ಬಂತು! ಯಾರೂ ಒಂದು ಕಾಳೂ ಮನೆಗೆ ಒಯ್ದಿರಲಿಲ್ಲ. ಅಷ್ಟು ದಿನ ಹಳೆಯ ಸರ್ ಬಗ್ಗೆ ಮನಸ್ಸಿನಲ್ಲಿ ಕಹಿ ಇಟ್ಟುಕೊಂಡಿದ್ದೆ. ಅವತ್ತೇ ಫೋನ್ ಮಾಡಿ ವಿಷಯ ಹೇಳಿದೆ.

ಹಾಗಾಗಿ ಅವರು ಶಾಲೆಯಲ್ಲಿ ಇರುವಾಗಲೇ ಇಬ್ಬರೂ ಕೂತು ಎಲ್ಲಾ ಎಣಿಸಿ. ಅಕ್ಕಿ, ಬೇಳೆ, ಹಾಲಿನ ಪುಡಿ, ಬೆಂಚು, ಲೈಬ್ರರಿ ಪುಸ್ತಕ. ಪಾಸ್‌ಬುಕ್ ಎಂಟ್ರಿ ಹಾಕಿಸಿ ನಗದು ಪುಸ್ತಕದ ಜೊತೆ ತಾಳೆ ನೋಡಿ. ಎಣಿಸುವುದು ಅವರಿಗೂ ಒಳ್ಳೆಯದೇ. ಹಾಗಂತ ಮೊದಲೇ ಹೇಳಿ, ಬೇಸರ ಮಾಡಿಕೊಳ್ಳುವುದಿಲ್ಲ.

ಉತ್ತರ 2: ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಬಗ್ಗೆ ನಾನು ಹೇಳುತ್ತೇನೆ. ಖಾತೆ ಜಂಟಿ, ಅಧ್ಯಕ್ಷರ ಸಹಿಯೂ ಬೇಕು. ಅವರು ಕೆಲಸದ ಮೇಲೆ ಊರೂರು ಸುತ್ತುವವರಾದರೆ, ಖಾಲಿ ಚೆಕ್‌ಗೆ ಸಹಿ ಮಾಡಿಸಿ ಇಟ್ಟುಕೊಳ್ಳಿ ಅಂತ ಯಾರಾದರೂ ಸಲಹೆ ಕೊಡುತ್ತಾರೆ. ಬೇಡವೇ ಬೇಡ.

ಇನ್ನು ಸಭೆ. ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಹೆಂಗಸರು ಇರಬೇಕು. ಬೆಳಗ್ಗೆ 11ಕ್ಕೆ ಕರೆದರೆ ಕೂಲಿಗೆ ಹೋಗುವ ತಾಯಂದಿರು ಎಲ್ಲಿ ಬರುತ್ತಾರೆ? ಮೊದಲು ನಮ್ಮಲ್ಲಿ ನಡಾವಳಿ ಪುಸ್ತಕ ಮನೆಮನೆಗೆ ಹೋಗಿ ಸಹಿ ಹಾಕಿಸಿಕೊಂಡು ಬರುತ್ತಿತ್ತು, ಅಷ್ಟೇ. ನಾವು ಸಂಜೆ ಐದೂವರೆಗೆ ಇಟ್ಟೆವು. ಮೊದಲ ಸಭೆಯಲ್ಲೇ ಒಬ್ಬ ತಾಯಿ, ಹೆಣ್ಣುಮಕ್ಕಳ ಶೌಚಾಲಯದ ಬಾಗಿಲಿಗೆ ಒಳಗಿನ ಚಿಲಕ ಇಲ್ಲ ಅಂದರು. ದಿನಾ ಅದರ ಮುಂದೆ ಓಡಾಡುವ ನಮಗೆ ಯಾರಿಗೂ ಗೊತ್ತಿರಲಿಲ್ಲ.

ಉತ್ತರ 3: ಮೇಡಂ, ನಿಮ್ಮ ನಲಿ-ಕಲಿ ತರಗತಿ ಬಿಡಬೇಡಿ. ನನ್ನ ಕೈಯಿಂದ ತರಗತಿ ಜಾರಿಹೋಯಿತು. ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಫೋನ್, ಅರ್ಜೆಂಟ್ ಮಾಹಿತಿ, ಎಸ್‌ಎಟಿಎಸ್ (ಮಕ್ಕಳ ಮಾಹಿತಿಯ ಸರ್ಕಾರಿ ಆನ್‌ಲೈನ್ ವ್ಯವಸ್ಥೆ) ಎಂಟ್ರಿ, ಮೀಟಿಂಗ್. ಮೂರನೇ ತರಗತಿಯ ಒಬ್ಬ ಹುಡುಗ ಆ ವರ್ಷ ಒತ್ತಕ್ಷರ ಕಲಿಯದೇ ಮುಂದೆ ಹೋದ. ಅದು ಇವತ್ತಿಗೂ ಚುಚ್ಚುತ್ತದೆ. ಮಾರನೇ ವರ್ಷ ಮೊದಲ ಎರಡು ಪೀರಿಯಡ್ ಫೋನನ್ನು ಬೀರುವಿನಲ್ಲಿಟ್ಟೆ. ಕಂಪ್ಯೂಟರ್ ಕೆಲಸ ಒಬ್ಬರಿಗೆ, ಮೊಟ್ಟೆ ಹಾಲಿನ ಲೆಕ್ಕ ಇನ್ನೊಬ್ಬರಿಗೆ ಹಂಚಿದೆ. ಎಲ್ಲಾ ನಾನೇ ಮಾಡ್ತೀನಿ ಅಂತ ಹೊರಟರೆ ಮೂರು ತಿಂಗಳಿಗೆ ಸುಸ್ತಾಗುತ್ತೀರಿ.

ಪ್ರಶ್ನೆ ಕೇಳಿದವರು: ತುಂಬಾ ಧನ್ಯವಾದ. ಇನ್ನೊಂದು ಸಂಶಯ. ದಾಖಲಾತಿ ರಿಜಿಸ್ಟರ್‌ನಲ್ಲಿ ಎರಡು ಮೂರು ಕಡೆ ಹುಟ್ಟಿದ ತಾರೀಕು ತಿದ್ದಿದ್ದಾರೆ, ಪಕ್ಕದಲ್ಲಿ ಸಹಿ ಇಲ್ಲ.

ಉತ್ತರ 1: ನೀವು ಪೆನ್ನು ಮುಟ್ಟಿಸಬೇಡಿ ಮೇಡಂ. ಪುಟದ ಸಂಖ್ಯೆ, ದಾಖಲಾತಿ ಸಂಖ್ಯೆ, "ತಿದ್ದುಪಡಿ ಇದೆ, ಸಹಿ ಇಲ್ಲ" ಅಂತ ಚಾರ್ಜ್ ಪಟ್ಟಿಯಲ್ಲೇ ಬರೆಸಿ. ಇಬ್ಬರ ಸಹಿ ಆದ ಮೇಲೆ ಒಂದು ಜೆರಾಕ್ಸ್ ಮನೆಯಲ್ಲೂ ಇಟ್ಟುಕೊಳ್ಳಿ.