‘ದ ಡಾ ವಿಂಚಿ ಕೋಡ್’ ಓದಿದ ಮಗನಿಗೆ ಏನು ಹೇಳಲಿ?

ಕೇಳಿದವರು, ಉಡುಪಿ:
ಪಿಯುಸಿ ಓದುವ ಮಗ ಕಾಲೇಜು ಲೈಬ್ರರಿಯಿಂದ ಡ್ಯಾನ್ ಬ್ರೌನ್ ಅವರ ಈ ಕಾದಂಬರಿ ತಂದು ಎರಡೇ ರಾತ್ರಿಯಲ್ಲಿ ಮುಗಿಸಿದ. ಮೊನ್ನೆ ಜಪಸರ ಮುಗಿಯುತ್ತಿದ್ದಂತೆ, “ಯೇಸುಸ್ವಾಮಿಗೂ ಅವರ ಶಿಷ್ಯೆ ಮಗ್ದಲದ ಮರಿಯಳಿಗೂ ಮದುವೆಯಾಗಿತ್ತಂತೆ, ಚರ್ಚು ಮುಚ್ಚಿಟ್ಟಿತಂತೆ, ಹೌದೇ ಅಮ್ಮ?” ಎಂದ. ಅವರಪ್ಪ ಪುಸ್ತಕ ಕಿತ್ತುಕೊಂಡು ಅಲ್ಮೇರಾದ ಮೇಲಿಟ್ಟರು. ನನಗೆ ಉತ್ತರ ತೋಚಲಿಲ್ಲ. ನಿಮ್ಮ ಮನೆಗಳಲ್ಲಿ ಹೀಗಾದಾಗ ಏನು ಮಾಡಿದಿರಿ?

ಮಂಗಳೂರಿನ ಹಿರಿಯರು:
ನಾನು ಓದಿಲ್ಲ, ಓದುವುದೂ ಇಲ್ಲ. ಕೊಳ್ಳಬೇಡಿ, ಓದಬೇಡಿ ಎಂದು 2005ರಲ್ಲಿ ಇಟಲಿಯ ಜಿನೋವಾದ ಕಾರ್ಡಿನಲ್ ಬೆರ್ತೋನೆ ಹೇಳಿದ್ದರು, ನನಗೆ ಅಷ್ಟು ಸಾಕು. ಹೆತ್ತ ತಾಯಿಯ ಮೇಲೆ ಯಾರೋ ಕಥೆ ಕಟ್ಟಿದರೆ ಕೊನೆಯ ಪುಟದವರೆಗೆ ಓದುತ್ತಾ ಕೂರುತ್ತೇವೆಯೇ? ನಿಮ್ಮ ಯಜಮಾನರು ಮಾಡಿದ್ದು ಸರಿ.

ಬೆಂಗಳೂರಿನಿಂದ, ಧರ್ಮೋಪದೇಶ ತರಗತಿ ನಡೆಸುತ್ತಿದ್ದವರು:
ಹಿರಿಯರ ನೋವು ಅರ್ಥವಾಗುತ್ತದೆ. ಆದರೆ 2006ರಲ್ಲಿ ಗೋವಾ, ತಮಿಳುನಾಡು, ಆಂಧ್ರಗಳಲ್ಲಿ ಈ ಕಾದಂಬರಿಯ ಸಿನಿಮಾ ನಿಷೇಧವಾಯಿತೆಂಬ ಸುದ್ದಿ ಬಂದದ್ದೇ ತಡ, ಅದರ ಹೆಸರೇ ಕೇಳಿರದ ನನ್ನ ತರಗತಿಯ ಮಕ್ಕಳೂ ಸಿ.ಡಿ. ಹುಡುಕಲು ಹೊರಟರು. ಆಗ ನಾನೇ ಕಾದಂಬರಿ ಓದಿ (ಹೇಳಲೇಬೇಕು, ಕೆಳಗಿಡಲು ಆಗಲಿಲ್ಲ) ಅದರ ಮಾತುಗಳನ್ನು ಒಂದೊಂದಾಗಿ ಕಪ್ಪುಹಲಗೆಯ ಮೇಲೆ ಬರೆದೆ. 1099ರಿಂದ ಈ ಮದುವೆಯ ಗುಟ್ಟು ಕಾಯುತ್ತಿದೆ ಎನ್ನಲಾದ ‘ಪ್ರಯರಿ ಆಫ್ ಸಯನ್’ ಸಂಘವನ್ನು 1956ರಲ್ಲಿ ಫ್ರಾನ್ಸಿನಲ್ಲಿ ಪಿಯರ್ ಪ್ಲಾಂಟಾರ್ ಎಂಬಾತ ನೋಂದಾಯಿಸಿದ್ದ ಎಂದಾಗ ಹುಡುಗರು ಬಿದ್ದು ಬಿದ್ದು ನಕ್ಕರು. 325ರಲ್ಲಿ ನೈಸಿಯಾದಲ್ಲಿ ನಡೆದ ಬಿಷಪರ ಸಭೆಯಲ್ಲಿ ಕೂದಲೆಳೆಯ ಅಂತರದ ಮತದಿಂದ ಯೇಸು ದೇವರಾದನಂತೆ. ಆದರೆ ಸಭೆಯ ನಿರ್ಣಯಕ್ಕೆ ಕೊನೆಯವರೆಗೂ ಸಹಿ ಹಾಕದ ಬಿಷಪರು ಅಲ್ಲಿ ಇಬ್ಬರೇ. ಇನ್ನು ಬೈಬಲಿಗೆ ಸೇರದ, ಫಿಲಿಪ್ಪನ ಹೆಸರಿನ ಶುಭಸಂದೇಶದಲ್ಲಿ ಯೇಸು ಮರಿಯಳಿಗೆ ಎಲ್ಲಿ ಮುತ್ತಿಟ್ಟರೆಂದು ಹೇಳುವ ಜಾಗದಲ್ಲೇ ಹಸ್ತಪ್ರತಿ ಹರಿದಿದೆ! ತೂತು ತುಂಬಿದ್ದು ಅನುವಾದಕರ ಊಹೆ, ಕಾದಂಬರಿ ಅದನ್ನೇ ಖಚಿತವೆಂಬಂತೆ ಹೇಳುತ್ತದೆ.

ಕುವೈತಿನಿಂದ:
ತೂತು ಮುಚ್ಚಿದರೆ ಮುಗಿಯಲಿಲ್ಲ. ನಾನು ಬಲಿಪೀಠದ ಸೇವೆ ಮಾಡಿ ಬೆಳೆದವನು. ಮಗ್ದಲದ ಮರಿಯ ಎಂದರೆ ಪಶ್ಚಾತ್ತಾಪಪಟ್ಟ ವೇಶ್ಯೆ ಎಂದೇ ಕಲಿತಿದ್ದೆ. ಈ ಕಾದಂಬರಿಯ ಕಾರಣಕ್ಕೆ ಬೈಬಲ್ ತೆರೆದು ಹುಡುಕಿದೆ, ಅಂಥ ಒಂದು ಸಾಲೂ ಸಿಗಲಿಲ್ಲ. ಅವಳನ್ನೂ ಲೂಕನ ಶುಭಸಂದೇಶದ ಹೆಸರಿಲ್ಲದ ಪಾಪಿ ಹೆಂಗಸನ್ನೂ ಒಂದೇ ಮಾಡಿದ್ದು 591ರ ಸುಮಾರಿಗೆ ಪೋಪ್ ಗ್ರೆಗೊರಿ ನೀಡಿದ ಪ್ರವಚನ. ಮದುವೆಯ ಕಥೆ ಸುಳ್ಳು, ಸರಿ. ಆದರೆ ಅವಳಿಗೆ ಅನ್ಯಾಯವಾಗಿದೆ ಎಂಬ ಮಾತು ಸುಳ್ಳಲ್ಲ, ಅದನ್ನು ನನಗೆ ಮೊದಲು ಹೇಳಿದ್ದು ಕಾದಂಬರಿಯೇ ಹೊರತು ನಮ್ಮ ಊರಿನ ಪಾದ್ರಿಗಳಲ್ಲ. ಎರಡು ವರ್ಷ ಪೂಜೆಗೆ ಹೋಗಲಿಲ್ಲ. 1969ರಲ್ಲೇ ಚರ್ಚು ತನ್ನ ಪಂಚಾಂಗದಲ್ಲಿ ಈ ಗೊಂದಲ ಬಿಡಿಸಿತ್ತೆಂದು ಆಮೇಲೆ ತಿಳಿಯಿತು. 2016ರಲ್ಲಿ ಪೋಪ್ ಫ್ರಾನ್ಸಿಸ್ ಜುಲೈ 22ರ ಅವಳ ಸ್ಮರಣೆಯನ್ನು ಪ್ರೇಷಿತರ (ಯೇಸುವಿನ ಹನ್ನೆರಡು ಶಿಷ್ಯರ) ಹಬ್ಬಗಳಿಗೆ ಸಮನಾದ ಹಬ್ಬವಾಗಿಸಿದರು. ಅಮ್ಮ, ಮಗನಿಗೆ ಎರಡನ್ನೂ ಹೇಳಿ. ಕಾದಂಬರಿ ತಪ್ಪಿದ್ದನ್ನು ಮಾತ್ರ ಹೇಳಿದರೆ, ಉಳಿದದ್ದು ಅವನಿಗೆ ಬೇರೆ ಕಡೆ ಸಿಕ್ಕೇ ಸಿಗುತ್ತದೆ.

ಮಂಗಳೂರಿನ ಹಿರಿಯರು:
591ರ ವಿಷಯ ನನಗೆ ತಿಳಿದಿರಲಿಲ್ಲ. ಆದರೂ ಪುಸ್ತಕ ಓದುವುದಿಲ್ಲ.

ಕೇಳಿದವರು, ಉಡುಪಿ:
ಎಲ್ಲರಿಗೂ ಕೃತಜ್ಞತೆ. ಭಾನುವಾರ ಪೂಜೆ ಮುಗಿಸಿ ಬಂದು ಯೋಹಾನನ ಶುಭಸಂದೇಶದ 20ನೆಯ ಅಧ್ಯಾಯವನ್ನು ಮಗನಿಂದಲೇ ಓದಿಸಿದೆ, ಗ್ರೆಗೊರಿಯ ಸಂಗತಿಯನ್ನೂ ಮುಚ್ಚಿಡಲಿಲ್ಲ. ಸಮಾಧಿಯ ಬಳಿ ಮರಿಯ ಸ್ವಾಮಿಯನ್ನು ತೋಟಗಾರನೆಂದು ತಿಳಿದಳಲ್ಲ, ಅಲ್ಲಿಗೆ ನಿಲ್ಲಿಸಿ, “ಹೆಂಡತಿಯಾಗಿದ್ದರೆ ಗುರುತು ಸಿಗುತ್ತಿರಲಿಲ್ಲವೇ?” ಎಂದ. ಅವರಪ್ಪ ಪತ್ರಿಕೆಯ ಹಿಂದಿನಿಂದ ನಕ್ಕದ್ದು ನನಗೆ ಕೇಳಿಸಿತು. ಪುಸ್ತಕವಿನ್ನೂ ಅಲ್ಮೇರಾದ ಮೇಲೆಯೇ ಇದೆ. ಶನಿವಾರ ಲೈಬ್ರರಿಗೆ ಹಿಂದಿರುಗಿಸಬೇಕು, ಇಲ್ಲದಿದ್ದರೆ ದಂಡ.