ಸಹಾಯ ಬೇಕು: ಎಂಆರ್‌ಐ ಒಂದು ಹೇಳ್ತದೆ, ಮೂತ್ರ ಇನ್ನೊಂದು

ಮಂಗಳೂರು, ಉಡುಪಿ ಕಡೆಯ ಮಕ್ಕಳ ನರರೋಗ ಡಾಕ್ಟ್ರುಗಳಲ್ಲಿ ಒಂದು ಕೇಳಿಕೆ.

ಏಳು ತಿಂಗಳ ಮಗು. ತಲೆ ಸುತ್ತಳತೆ 97ನೇ ಪರ್ಸೆಂಟೈಲ್ ದಾಟಿದೆ, ಕುತ್ತಿಗೆ ಇನ್ನೂ ನಿಂತಿಲ್ಲ. ಎಂಆರ್‌ಐಯಲ್ಲಿ ಎರಡೂ ಕಡೆಯ ಸಿಲ್ವಿಯನ್ ಫಿಶರ್ (ಮಿದುಳಿನ ಬದಿಯ ಆಳದ ಸೀಳು) ಬಾವಲಿ ರೆಕ್ಕೆಯ ಹಾಗೆ ಅಗಲ ಬಿಚ್ಚಿಕೊಂಡಿದೆ, ಮಿದುಳಿನ ಟೆಂಪೊರಲ್ (ಕಿವಿ ಬದಿಯ) ಭಾಗ ಸಣ್ಣದು. ಎಂಆರ್‌ಐಯ ಟಿ2 ಚಿತ್ರದಲ್ಲಿ ಪುಟಾಮೆನ್, ಕಾಡೇಟ್ (ಮೈ ಚಲನೆ ನಿಯಂತ್ರಿಸುವ ಮಿದುಳಿನ ಒಳಭಾಗಗಳು, ಒಟ್ಟಿಗೆ ಸ್ಟ್ರಯೇಟಂ) ಬಿಳಿಯಾಗಿಲ್ಲ, ಅಂದರೆ ಹಾನಿ ಕಾಣುವುದಿಲ್ಲ, ಅಷ್ಟು ಪುಣ್ಯ. ನೋಡಿದ ಕೂಡಲೇ ಗ್ಲುಟಾರಿಕ್ ಅಸಿಡೂರಿಯ ಟೈಪ್ 1 (ಪ್ರೋಟೀನಿನ ಲೈಸಿನ್ ಅಂಶವನ್ನು ಮೈ ಸರಿಯಾಗಿ ಒಡೆಯಲಾಗದೆ ಗ್ಲುಟಾರಿಕ್ ಆಸಿಡ್ ಸೇರಿಕೊಳ್ಳುವ ಹುಟ್ಟು ಕಾಯಿಲೆ) ಅನ್ನಿಸ್ತದೆ.

ಆದರೆ ರಕ್ತದ ಕಾರ್ಡಿನಲ್ಲಿ (ಕಾಗದದ ಮೇಲೆ ಒಣಗಿಸಿದ ರಕ್ತ) ಸಿ5ಡಿಸಿ, ಅಂದರೆ ಈ ಕಾಯಿಲೆಯಲ್ಲಿ ಏರುವ ಗುರುತು, ಮಿತಿಗಿಂತ ತುಸುವೇ ಮೇಲೆ. ಮೂತ್ರದ ಜಿಸಿಎಂಎಸ್ (ಅದರಲ್ಲಿರುವ ಆಮ್ಲಗಳ ಪರೀಕ್ಷೆ) ಎರಡು ಸಲ ಆಯ್ತು, ಗ್ಲುಟಾರಿಕ್ ಆಸಿಡ್ ನಾರ್ಮಲ್. ಇದೇ ಕಾಯಿಲೆಯ ಇನ್ನೊಂದು ಗುರುತಾದ 3-ಹೈಡ್ರಾಕ್ಸಿ ಗ್ಲುಟಾರಿಕ್ ಪ್ರತ್ಯೇಕ ಅಳೆದಿಲ್ಲ. ಲೋ ಎಕ್ಸ್‌ಕ್ರೀಟರ್ (ಕಾಯಿಲೆ ಇದ್ದರೂ ಮೂತ್ರದಲ್ಲಿ ಗ್ಲುಟಾರಿಕ್ ಆಸಿಡ್ ಕಡಿಮೆ ಹೋಗುವವರು) ಇರಬಹುದು. ಸ್ಯಾಂಪಲ್ ತೆಗೆದ ಮೇಲೆಯೇ ಕಾರ್ನಿಟಿನ್ (ಸೇರಿಕೊಂಡ ಆಸಿಡ್ ಹೊರಹಾಕಲು ನೆರವಾಗುವ ಔಷಧ) ಶುರು, ದಿನಕ್ಕೆ ಕೆಜಿಗೆ 100 ಮಿಗ್ರಾಂ. ಒಂದು ಜ್ವರ, ಭೇದಿಗೆ ಸ್ಟ್ರಯೇಟಂ ಹಾಳಾದರೆ ಮತ್ತೆ ಸರಿಯಾಗುವುದಿಲ್ಲ ಎಂಬುದೇ ಹೆದರಿಕೆ.

ನೇರ ಈ ಕಾಯಿಲೆಗೆ ಕಾರಣವಾಗುವ ಜಿಸಿಡಿಎಚ್ ಜೀನ್ ಪರೀಕ್ಷೆಗೆ ಕಳಿಸುವುದೋ, 3-ಹೈಡ್ರಾಕ್ಸಿ ಅಳೆಸಿ ಆಮೇಲೆಯೋ? ವರದಿ ಬರುವ ಮೊದಲೇ ಲೈಸಿನ್ ಕಡಿಮೆಯ ಆಹಾರ ಶುರು ಮಾಡಬಹುದೇ?