ಅಂಕ ನೋಡಿ ಸೆಕ್ಷನ್ ಮಾಡುವ ಶಾಲೆ: ಮಗಳನ್ನು ಅಲ್ಲೇ ಓದಿಸಲಾ?

ಪ್ರಶ್ನೆ: ಮಗಳು 6ನೇ ಕ್ಲಾಸು. ಈ ವರ್ಷದಿಂದ ಅವಳ ಶಾಲೆಯಲ್ಲಿ ಅಂಕ ನೋಡಿ ಎ, ಬಿ, ಸಿ ಸೆಕ್ಷನ್ ಮಾಡಿದ್ದಾರೆ. ವಾರಕ್ಕೊಂದು ಟೆಸ್ಟ್ ಬೇರೆ. ಗಣಿತದಲ್ಲಿ ಹಿಂದಿದ್ದಾಳೆ ಅಂತ ಇವಳನ್ನು ಸಿಗೆ ಹಾಕಿದ್ದಾರೆ. ಇನ್ನೊಂದು ಶಾಲೆಯಲ್ಲಿ ಕ್ಲಾಸಿಗೆ 20 ಮಕ್ಕಳೇ ಇರುವುದು, ಅಲ್ಲಿಗೆ ಸೇರಿಸೋಣ ಅಂತಾರೆ ನಮ್ಮ ಯಜಮಾನರು. ಅನುಭವ ಇದ್ದವರು ದಯವಿಟ್ಟು ಹೇಳಿ.

ಗಣಿತ ಟೀಚರ್ ಒಬ್ಬರು: ನಾನು ಎರಡೂ ಥರದ ಸೆಕ್ಷನ್‌ಗಳಿಗೆ ಪಾಠ ಮಾಡಿದ್ದೇನೆ. ಸಿ ಸೆಕ್ಷನ್‌ನಲ್ಲಿ ನಿಧಾನವಾಗಿ ಹೇಳಿಕೊಡುತ್ತೇವೆ, ಅದು ಒಳ್ಳೆಯದೇ. ಆದರೆ ನಿಧಾನ ಮಾಡಿದಾಗ ಪಾಠಗಳು ಉಳಿಯುತ್ತವೆ. ಕಷ್ಟದ ಲೆಕ್ಕಗಳನ್ನು ಬಿಡುತ್ತೇವೆ. ವರ್ಷದ ಕೊನೆಗೆ ಮಗು ಎಷ್ಟೇ ಸುಧಾರಿಸಿರಲಿ, ಎ ಸೆಕ್ಷನ್‌ನವರು ಮುಗಿಸಿದ ಪಾಠ ಇದಕ್ಕೆ ಗೊತ್ತೇ ಇರುವುದಿಲ್ಲ. ಹಾಗಾಗಿ ಮೇಲೆ ಹೋಗಲು ಆಗುವುದಿಲ್ಲ. ಇಲ್ಲಿ ತಪ್ಪು ಮಗುವಿನದಲ್ಲ, ವ್ಯವಸ್ಥೆಯೇ ಹಾಗಿದೆ. ಜೊತೆಗೆ ಅನುಭವಿ ಟೀಚರ್‌ಗಳನ್ನು ಎ ಸೆಕ್ಷನ್‌ಗೇ ಕೊಡುವುದು ಜಾಸ್ತಿ. (ಸೆಕ್ಷನ್‌ಗೆ ಹೂವಿನ ಹೆಸರಿಟ್ಟರೂ ಯಾವುದು ದಡ್ಡರ ಸೆಕ್ಷನ್ ಅಂತ ಮಕ್ಕಳಿಗೆ ಒಂದೇ ದಿನದಲ್ಲಿ ಗೊತ್ತಾಗುತ್ತದೆ!)

ಪೋಲೆಂಡ್ 1999ರ ಸುಧಾರಣೆಯಲ್ಲಿ ಮಕ್ಕಳನ್ನು ಬೇರೆ ಬೇರೆ ಬಗೆಯ ಶಾಲೆಗೆ ಹಂಚುವುದನ್ನು ಒಂದು ವರ್ಷ ಮುಂದೆ ಹಾಕಿತು. ಹಲವು ದೇಶಗಳ 15 ವರ್ಷದ ಮಕ್ಕಳಿಗೆ ನಡೆಸುವ ಪೀಸಾ ಪರೀಕ್ಷೆಯಲ್ಲಿ ಆ ದೇಶದ ಓದಿನ ಸರಾಸರಿ 2000ದಲ್ಲಿ 479 ಇದ್ದದ್ದು 2006ರಲ್ಲಿ 508 ಆಯಿತು. ಪಠ್ಯಕ್ರಮವೂ ಆಗಲೇ ಬದಲಾಯಿತು, ಹಾಗಾಗಿ ಎಲ್ಲವೂ ಇದೊಂದರಿಂದಲೇ ಅನ್ನಲಾರೆ.

ಹಾಗಂತ ಗುಂಪು ಮಾಡುವುದೇ ಕೆಟ್ಟದ್ದಲ್ಲ. ನಮ್ಮ ದೇಶದಲ್ಲಿ ಮಕ್ಕಳ ಕಲಿಕೆಗಾಗಿ ಕೆಲಸ ಮಾಡುವ ಪ್ರಥಮ್ ಸಂಸ್ಥೆಯ ವಿಧಾನದಲ್ಲಿ 3ರಿಂದ 5ನೇ ತರಗತಿಯ ಮಕ್ಕಳನ್ನು ವಯಸ್ಸು ಬಿಟ್ಟು, ಓದಲು ಎಷ್ಟು ಬರುತ್ತದೆ ಅಂತ ನೋಡಿ ಗುಂಪು ಮಾಡುತ್ತಾರೆ. ಅದು ಕೆಲಸ ಮಾಡುತ್ತದೆ ಅಂತ ಹಲವು ಪ್ರಯೋಗಗಳು ತೋರಿಸಿವೆ. ಆದರೆ ಅಲ್ಲಿ ಗುಂಪು ದಿನದ ಸ್ವಲ್ಪ ಹೊತ್ತಿಗೆ ಮಾತ್ರ. ಮಗು ಕಲಿತ ಕೂಡಲೇ ಮುಂದಿನ ಗುಂಪಿಗೆ ಹೋಗುತ್ತದೆ. ನಿಮ್ಮ ಶಾಲೆಯಲ್ಲಿ ಹೇಗೆ? ಗಣಿತಕ್ಕೆ ಮಾತ್ರವಾ, ಎಲ್ಲ ವಿಷಯಕ್ಕೂನಾ? ಸಿಯಿಂದ ಮೇಲೆ ಯಾವಾಗ ಕಳಿಸುತ್ತಾರೆ? ಸಿಗೆ ಪಾಠ ಮಾಡುವವರು ಯಾರು? ಇಷ್ಟು ಮೊದಲು ಕೇಳಿ.

ಒಬ್ಬ ಅಪ್ಪ: ನಾನು ಟೆಸ್ಟ್ ಬಗ್ಗೆ ಹೇಳುತ್ತೇನೆ. ವಾರಕ್ಕೊಂದು ಅಂದ ಕೂಡಲೇ ಹೆದರಬೇಡಿ. ಓದಿದ್ದನ್ನು ಪುಸ್ತಕ ಮುಚ್ಚಿ ನೆನಪು ಮಾಡಿಕೊಂಡರೆ ಜಾಸ್ತಿ ದಿನ ಉಳಿಯುತ್ತದೆ. ಆದರೆ ಪೇಪರ್ ವಾಪಸ್ ಬಂದ ಮೇಲೆ ಏನು ಮಾಡುತ್ತಾರೆ ನೋಡಿ. ನನ್ನ ಮಗ ಅಂಕ ನೋಡುತ್ತಿದ್ದ, ಪಕ್ಕದವನದು ನೋಡುತ್ತಿದ್ದ, ಪೇಪರ್ ಬ್ಯಾಗಿನ ತಳ ಸೇರುತ್ತಿತ್ತು. ಟೀಚರ್ ಕೆಂಪು ಇಂಕಿನಲ್ಲಿ ಬರೆದದ್ದನ್ನು ಓದುತ್ತಲೇ ಇರಲಿಲ್ಲ. ಆಮೇಲೆ ಬಂದ ವಿಜ್ಞಾನದ ಮೇಷ್ಟ್ರು ಮೊದಲು ಬರೀ ಟಿಪ್ಪಣಿ ಬರೆದು ಕೊಡುತ್ತಿದ್ದರು. ತಪ್ಪು ತಿದ್ದಿ ತಂದರೆ ಆಮೇಲೆ ಅಂಕ. ಮಗ ಗೊಣಗಿದ, ಆದರೆ ತಿದ್ದಿದ. ಇಸ್ರೇಲಿನ ಸಂಶೋಧಕಿ ರೂತ್ ಬಟ್ಲರ್ 1988ರಲ್ಲೇ ಇಂಥದ್ದೊಂದು ಪ್ರಯೋಗ ಪ್ರಕಟಿಸಿದ್ದಾರೆ. ಬರೀ ಟಿಪ್ಪಣಿ ಸಿಕ್ಕ ಮಕ್ಕಳು ಮುಂದೆ ಚೆನ್ನಾಗಿ ಮಾಡಿದರು. ಅಂಕ ಮತ್ತು ಟಿಪ್ಪಣಿ ಎರಡೂ ಸಿಕ್ಕವರಿಗೆ ಆ ಲಾಭ ಆಗಲಿಲ್ಲ. ಟಿಪ್ಪಣಿ ಬರೆಯಲು ಮೇಷ್ಟ್ರಿಗೆ ಪುರುಸೊತ್ತು ಕೊಡುವುದು ಮಾತ್ರ ಶಾಲೆಯ ಕೆಲಸ, ಅಲ್ವಾ?

ಇನ್ನೊಬ್ಬರು: 20 ಮಕ್ಕಳು ಅನ್ನುವುದೊಂದನ್ನೇ ನೋಡಿ ಹೋಗಬೇಡಿ. ಅಮೆರಿಕದ ಟೆನೆಸ್ಸಿಯಲ್ಲಿ 1985ರಿಂದ ನಡೆದ ಪ್ರಯೋಗದಲ್ಲಿ 13ರಿಂದ 17 ಮಕ್ಕಳ ತರಗತಿಗಳು ಚೆನ್ನಾಗಿ ಮಾಡಿದವು, ನಿಜ. ಆದರೆ ಅವು ತೀರಾ ಚಿಕ್ಕ ಮಕ್ಕಳ ತರಗತಿಗಳು. 1996ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯದ ತುಂಬ ಅವಸರದಲ್ಲಿ ತರಗತಿ ಚಿಕ್ಕದು ಮಾಡಲು ಹೋಗಿ, ತರಬೇತಿ ಮುಗಿಸದ ಎಷ್ಟೋ ಜನರನ್ನು ಟೀಚರ್ ಮಾಡಿಕೊಳ್ಳಬೇಕಾಯಿತು. ಹೊಸ ಶಾಲೆಯಲ್ಲಿ ಟೀಚರ್‌ಗಳು ವರ್ಷ ವರ್ಷ ಬದಲಾಗುತ್ತಾರಾ ವಿಚಾರಿಸಿ.

ಒಬ್ಬ ಅಮ್ಮ: ನನ್ನದು ಉಲ್ಟಾ ಅನುಭವ. ನನ್ನ ಮಗಳು ಕೆಳಗಿನ ಸೆಕ್ಷನ್‌ಗೆ ಹೋದ ಮೇಲೇ ಕೈ ಎತ್ತಿ ಪ್ರಶ್ನೆ ಕೇಳಲು ಶುರು ಮಾಡಿದಳು. ಮೊದಲು ನಗುತ್ತಾರೆ ಅಂತ ಸುಮ್ನೆ ಕೂರುತ್ತಿದ್ದಳು.

ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಶಾಲೆಯಲ್ಲಿ ವಿಚಾರಿಸಿದೆ. ಗಣಿತಕ್ಕೆ ಮಾತ್ರವಂತೆ, ಅಷ್ಟು ಸಮಾಧಾನ. ಮೇಲೆ ಕಳಿಸುವುದು "ವರ್ಷದ ಕೊನೆಗೆ ನೋಡೋಣ" ಅಂದರು.

ಗಣಿತ ಟೀಚರ್: ವರ್ಷದ ಕೊನೆಗೆ ಬೇಡ, ಅರ್ಧ ವಾರ್ಷಿಕ ಆದ ಮೇಲೆ ಒಮ್ಮೆ ನೋಡಿ ಅಂತ ಬರೆದು ಕೊಡಿ, ಬಾಯಲ್ಲಿ ಹೇಳಿದರೆ ಮರೆಯುತ್ತಾರೆ. ಶಾಲೆ ಬದಲಿಸುವ ವಿಚಾರ ಆಮೇಲೆ. ಎ ಸೆಕ್ಷನ್‌ನಲ್ಲಿ ಮುಗಿದ ಪಾಠಗಳ ಪಟ್ಟಿ ಕೇಳಿ ಇಸಿದುಕೊಳ್ಳಿ. ಸಿಯಲ್ಲಿ ಬಿಟ್ಟದ್ದರಲ್ಲಿ ಭಿನ್ನರಾಶಿ, ದಶಮಾಂಶ ಇದ್ದರೆ ಮನೆಯಲ್ಲಿ ಅದನ್ನೇ ಮೊದಲು ಹಿಡಿಯಿರಿ. ಮುಂದಿನ ವರ್ಷದ ಬೀಜಗಣಿತಕ್ಕೆ ಅವು ಬೇಕೇ ಬೇಕು, ಮಿಕ್ಕಿದ್ದು ಕಾಯಬಹುದು.